ಸಂಕ್ರಮಣ ಕಳೆದು ಪುತ್ತರಿಗೆ ಮುಂಚೆ: ಇಬ್ಬರೇ ಹೋಗಿಬರುವ ವೆನಿಸ್

ಕೊಡಗಿನ ರೋಬಸ್ಟಾ ಕಾಫಿ ತೋಟದ ಗಂಡ-ಹೆಂಡತಿ ವೆನಿಸ್‌ಗೆ ಹೋಗೋದಾದರೆ ಕಾವೇರಿ ಸಂಕ್ರಮಣದ ತೀರ್ಥ ತಂದಿಟ್ಟು ಹೊರಡಬೇಕು, ಪುತ್ತರಿಗೆ ಕದಿರು ತೆಗೆಯುವ ಹೊತ್ತಿಗೆ ಮನೆಯಲ್ಲಿರಬೇಕು. ಅಕ್ಟೋಬರ್ 17ರ ಆಸುಪಾಸಿನಿಂದ ನವೆಂಬರ್ ಕೊನೆಯವರೆಗಿನ ಈ ಬಿಡುವಿನಲ್ಲಿ ಮಳೆ ಕಳೆದ ಮೇಲಿನ ಗೊಬ್ಬರ ಹಾಕಿ ಆಗಿರುತ್ತೆ, ಗದ್ದೆ ಕೊಯ್ಲು ಇನ್ನೂ ಶುರುವಾಗಿರಲ್ಲ, ಕಾಫಿ ಹಣ್ಣು ಜನವರಿಗೆ. ಸೋಮವಾರಪೇಟೆ, ಮಾದಾಪುರ ಕಡೆಯ ಅರೇಬಿಕಾದವರಿಗೆ ಈ ಲೆಕ್ಕ ಹೊಂದಲ್ಲ. ನವೆಂಬರ್ ಅಂದರೆ ಅವರ ಕಣದಲ್ಲಿ ಹಣ್ಣು ಬಿದ್ದಿರುತ್ತೆ. ಅವರು ಮೆಣಸು ಇಳಿಸಿ, ಹೂಮಳೆ ಕಂಡು, ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ಹೋಗಲಿ. ಆಗ ಅಲ್ಲಿ ಜನ ಜಾಸ್ತಿ ಅನ್ನೋದೊಂದೇ ತೊಂದರೆ.

ನನ್ನನ್ನು ಕೇಳಿದರೆ ನವೆಂಬರೇ ಸರಿ. ಕಾರಣ ಚಳಿಯಲ್ಲ, ಅಗ್ಗದ ರೂಮೂ ಅಲ್ಲ. ನವೆಂಬರ್‌ನಲ್ಲಿ ಅಲ್ಲಿ ಸಂಜೆ ಐದು ಗಂಟೆಯೊಳಗೆ ಹೊತ್ತು ಮುಳುಗುತ್ತೆ, ಮತ್ತು ವೆನಿಸ್ ನೋಡಬೇಕಾದ್ದು ಕತ್ತಲಾದ ಮೇಲೆ, ಕಾಲ್ನಡಿಗೆಯಲ್ಲಿ. ಗೋಣಿಕೊಪ್ಪ, ಪೊನ್ನಂಪೇಟೆ, ಸಿದ್ದಾಪುರದ ಕಡೆ ಇರೋರಿಗೆ ಇದರ ಬೆಲೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಆರಾದ ಮೇಲೆ ತೋಟದ ದಾರಿಯಲ್ಲಿ ಗಂಡ-ಹೆಂಡತಿ ಕೈಹಿಡಿದು ನಡೆಯೋದು ನಮ್ಮಲ್ಲಿ ನಿಂತೇ ಹೋಗಿದೆ. ಆನೆ ಯಾವ ಕಡೆ ಇದೆ ಅಂತ ವಾಟ್ಸ್ಯಾಪ್ ನೋಡಿ, ಜೀಪಿನ ಲೈಟ್ ಹಾಕಿ, ಹಾರ್ನ್ ಮಾಡಿಕೊಂಡು ಮನೆ ಸೇರುವವರು ನಾವು. ವೆನಿಸ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಇಬ್ಬರೇ ಗಲ್ಲಿ ಗಲ್ಲಿ ಸುತ್ತಬಹುದು. ಕಾರಿಲ್ಲ, ಬೈಕಿಲ್ಲ, ಸೈಕಲ್ಲೂ ಇಲ್ಲ. ಕೇಳೋದು ನಿಮ್ಮ ಚಪ್ಪಲಿ ಸದ್ದು ಮತ್ತು ಕಾಲುವೆ ನೀರು ಕಲ್ಲಿಗೆ ಬಡಿಯೋ ಸದ್ದು. ಆದ್ದರಿಂದ ಮುಂದೆ ನಾನು ಹೇಳೋ ಎಲ್ಲವೂ, ಎಲ್ಲಿ ಉಳಿಯಬೇಕು, ಎಷ್ಟು ಸಾಮಾನು ಒಯ್ಯಬೇಕು, ಯಾವಾಗ ಮಲಗಬೇಕು ಅನ್ನೋದೆಲ್ಲ, ಈ ರಾತ್ರಿ ನಡಿಗೆಗೆ ಒಗ್ಗುವ ಹಾಗೆ ಇರೋದು.

ವೀಸಾ ಕೆಲಸ ಆಗಸ್ಟ್‌ನಲ್ಲೇ, ಕೈಲ್‌ಪೊಳ್ದ್‌ಗೆ ಮುಂಚೆಯೇ ಹಿಡಿಯಿರಿ. ಷೆಂಗೆನ್ ವೀಸಾಕ್ಕೆ ಹೊರಡೋ ದಿನಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ಹತ್ತಿರ ಬಂದರೆ ಆಗಲ್ಲ. ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೆರಳಚ್ಚು ಕೊಡೋಕೆ ಇಬ್ಬರೂ ಬೆಂಗಳೂರಿಗೆ ಹೋಗಲೇಬೇಕು.

ಇಲ್ಲಿ ತೋಟದವರಿಗೆ ಬರೋ ತಲೆನೋವು ಬೇರೆ. ಸಂಬಳದ ಚೀಟಿ ಎಲ್ಲಿ ಅಂತ ಕೇಳ್ತಾರೆ. ನಮಗೆ ಸಂಬಳವೇ ಇಲ್ಲ. ಕೃಷಿ ಆದಾಯ ಅಂತ ತೆರಿಗೆ ಕಟ್ಟದವರೂ ರಿಟರ್ನ್ ಸಲ್ಲಿಸಿ, ಅದರಲ್ಲಿ ಕೃಷಿ ಆದಾಯ ತೋರಿಸಿರಲಿ. ಅದರ ಜೊತೆ ಕಾಫಿ ಹದ ಮಾಡೋ ಕ್ಯೂರಿಂಗ್ ವರ್ಕ್ಸ್‌ನ ಬಿಲ್ಲು, ಅದೇ ದುಡ್ಡು ಖಾತೆಗೆ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ಆರ್‌ಟಿಸಿ ಇಡಿ. ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಾದರೆ ಆರ್‌ಟಿಸಿಯಲ್ಲಿ ಇರೋದು ಪಟ್ಟೆದಾರರ ಹೆಸರು, ಅದೂ ಎಷ್ಟೋ ಕಡೆ ತೀರಿಕೊಂಡ ಅಜ್ಜನ ಹೆಸರು. ಇದನ್ನು ಬೆಂಗಳೂರಿನವರಿಗೇ ತಿಳಿಸಿ ಹೇಳೋದು ಕಷ್ಟ, ಇಟಲಿಯವರಿಗೆ ಹೇಗೆ ಹೇಳ್ತೀರಿ? ವಂಶವೃಕ್ಷದ ಪ್ರತಿ ಇಟ್ಟು, ಅರ್ಜಿ ಜೊತೆಗಿನ ಪತ್ರದಲ್ಲಿ ಎರಡು ಸಾಲು ಬರೆಯಿರಿ: ಇದು ಕುಟುಂಬದ ಜಂಟಿ ಹಿಡುವಳಿ, ಇಷ್ಟು ಎಕರೆ ನಮ್ಮ ಅನುಭವದಲ್ಲಿದೆ. ಇನ್ನೊಂದು, ಹೆಂಗಸರ ಪಾಸ್‌ಪೋರ್ಟಿನಲ್ಲಿ ತವರಿನ ಮನೆಹೆಸರೇ ಉಳಿದಿರುತ್ತೆ. ಅದಕ್ಕೆ ಹೆದರಬೇಕಿಲ್ಲ, ಮದುವೆ ನೋಂದಣಿ ಪತ್ರ ಒಂದಿದ್ದರೆ ಆಯ್ತು. ನೋಂದಣಿಯನ್ನೇ ಮಾಡಿಸದೆ ಮೊಮ್ಮಕ್ಕಳನ್ನು ಕಂಡ ಜೋಡಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅವರು ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಲಿ.

ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಮೈಸೂರಿಗೆ ಹೋಗಿ ಅಲ್ಲಿಂದ ಫ್ಲೈಬಸ್ ಹಿಡಿದರೆ ಸೀದಾ ದೇವನಹಳ್ಳಿ. ಬೆಂಗಳೂರಿಂದ ವೆನಿಸ್‌ಗೆ ನೇರ ವಿಮಾನ ಇಲ್ಲ. ದುಬೈಯಲ್ಲೋ ದೋಹಾದಲ್ಲೋ ಜರ್ಮನಿಯಲ್ಲೋ ಬದಲಾಯಿಸಬೇಕು. ಬ್ಯಾಗಿಗೆ ಹಂದಿ ಉಪ್ಪಿನಕಾಯಿ ಹಾಕಬೇಡಿ. ಹೊರಗಿನಿಂದ ಬರುವವರು ಮಾಂಸ, ಹಾಲಿನ ಪದಾರ್ಥ ಯಾವುದನ್ನೂ ಯುರೋಪಿನೊಳಗೆ ತರುವಂತಿಲ್ಲ. ಅತ್ತೆ ಎಷ್ಟು ಪ್ರೀತಿಯಿಂದ ಬಾಟಲಿ ಕಟ್ಟಿಕೊಟ್ಟರೂ ಅದು ಕಸದ ಡಬ್ಬಿಗೇ.

ಈಗ ಮುಖ್ಯವಾದ ಮಾತು, ಉಳಿಯೋದು ಎಲ್ಲಿ. ಏಜೆಂಟರು ಮೆಸ್ತ್ರೆ ಅಂತ ಒಂದು ಜಾಗ ತೋರಿಸ್ತಾರೆ. ಅದು ಸೇತುವೆಯ ಆಚೆ, ಗಟ್ಟಿ ನೆಲದ ಮೇಲಿನ ಊರು. ರೂಮು ಅಗ್ಗ, ವೆನಿಸ್‌ಗೆ ರೈಲಿನಲ್ಲಿ ಹತ್ತು ನಿಮಿಷ. ಒಪ್ಪಬೇಡಿ. ಹಗಲು ವೆನಿಸ್‌ಗೆ ಬರೋ ಜನಸಾಗರದಲ್ಲಿ ಹೆಚ್ಚಿನವರು ಸಂಜೆ ಹಿಂತಿರುಗುವವರೇ. ಹಳೇ ದ್ವೀಪನಗರದಲ್ಲಿ ಈಗ ಖಾಯಂ ಇರೋ ಜನ 50,000ಕ್ಕಿಂತ ಕಮ್ಮಿ. ಸಂಜೆ ಜನ ವಾಪಸಾದ ಮೇಲೆ ಊರು ಉಳಿಯೋದು ಅವರಿಗೆ ಮತ್ತು ಅಲ್ಲೇ ರೂಮು ಹಿಡಿದವರಿಗೆ. ನಮ್ಮ ಹೋಂಸ್ಟೇಗೆ ಬರೋ ಹೊಸ ಜೋಡಿಗಳನ್ನು ನೋಡಿ ನೋಡಿ ನನಗೆ ಈ ವಿಷಯದಲ್ಲಿ ಹಟ ಬಂದಿದೆ. ಒಂದೇ ದಿನದಲ್ಲಿ ದುಬಾರೆ, ಗೋಲ್ಡನ್ ಟೆಂಪಲ್, ಅಬ್ಬಿ, ರಾಜಾಸೀಟು, ತಲಕಾವೇರಿ ಅಂತ ಟ್ಯಾಕ್ಸಿಯಲ್ಲಿ ಸುತ್ತಿ, ರಾತ್ರಿ ಒಂಬತ್ತಕ್ಕೆ ಬಂದು ಊಟ ಮುಟ್ಟದೆ ಮಲಗಿಬಿಡ್ತಾರೆ. ಕೊಡಗಿನ ಬೆಳಗಿನ ಮಂಜನ್ನೇ ನೋಡಿರಲ್ಲ. ವೆನಿಸ್, ಫ್ಲಾರೆನ್ಸ್, ರೋಮ್, ಸ್ವಿಟ್ಜರ್‌ಲೆಂಡ್ ಎಲ್ಲ ಸೇರಿಸಿದ ಪ್ಯಾಕೇಜೂ ಅದೇ ಜಾತಿಯದು. ಮೂರು ರಾತ್ರಿ ಒಂದೇ ಊರು, ಸಾಕು.

ಆ ಊರಿನಲ್ಲಿ ಆರು ಪೇಟೆಗಳಿವೆ. ಸಾನ್ ಮಾರ್ಕೊ ದುಬಾರಿ, ಗಲಾಟೆ. ನನ್ನ ಆಯ್ಕೆ ಉತ್ತರದ ಕ್ಯಾನರೇಜಿಯೊ. ಎರಡನೆಯದು ದಕ್ಷಿಣದ ದೊರ್ಸೊದುರೊ. ಇನ್ನೂ ಸದ್ದಿಲ್ಲದ ಜಾಗ ಬೇಕಿದ್ದರೆ ಕಾಸ್ತೆಲ್ಲೊದ ಪೂರ್ವದ ತುದಿ. ರೂಮು ಹಿಡಿಯೋ ಮುಂಚೆ ಮೂರು ಪ್ರಶ್ನೆ ಕೇಳಿ. ದೋಣಿ ನಿಲ್ದಾಣದಿಂದ ಹೋಟೆಲಿಗೆ ಎಷ್ಟು ಸೇತುವೆ ದಾಟಬೇಕು? ಲಿಫ್ಟ್ ಇದೆಯಾ? ರೂಮು ನೆಲದ ಅಂತಸ್ತಿನಲ್ಲಿಲ್ಲ ತಾನೆ? ಸೇತುವೆಯ ಪ್ರಶ್ನೆ ಯಾಕೆಂದರೆ ಅಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚುಕಮ್ಮಿ ಎಲ್ಲಕ್ಕೂ ಮೆಟ್ಟಿಲಿದೆ, ಸೂಟ್‌ಕೇಸನ್ನು ಎತ್ತುವವರು ನಿಮ್ಮ ಮನೆಯವರೇ. ಇಬ್ಬರಿಗೂ ಒಂದೊಂದು ಸಣ್ಣ ಬ್ಯಾಗು ಸಾಕು. ಕಾಲುವೆ ಕಡೆ ಕಿಟಕಿ ಇರೋ ರೂಮು ಸಿಕ್ಕರೆ ಚೆಂದವೇ, ಆದರೆ ನಸುಕಿನಲ್ಲೇ ಸಾಮಾನಿನ ದೋಣಿಗಳ ಎಂಜಿನ್ ಸದ್ದು ಶುರು. ತರಕಾರಿ, ಸಿಮೆಂಟು, ಗ್ಯಾಸ್ ಸಿಲಿಂಡರ್, ಲಾಂಡ್ರಿ ಮೂಟೆ, ಆ ಊರಿಗೆ ಎಲ್ಲವೂ ನೀರಿನ ಮೇಲೇ ಬರಬೇಕು. ನಮ್ಮವರು ಬೆಳಿಗ್ಗೆ ಕಿಟಕಿಯಲ್ಲಿ ನಿಂತು ಅದನ್ನೇ ನೋಡ್ತಿದ್ದರು, ಮ್ಯೂಸಿಯಂ ನೋಡೋಕೆ ಇಲ್ಲದ ತಾಳ್ಮೆ ಅದಕ್ಕಿತ್ತು.

ವಿಮಾನ ನಿಲ್ದಾಣದಿಂದ ಊರಿಗೆ ಎರಡು ದಾರಿ. ಬಸ್ಸಾದರೆ ಪಿಯಾತ್ಸಾಲೆ ರೋಮಾ ಅನ್ನೋ ಕೊನೇ ನಿಲ್ದಾಣಕ್ಕೆ ಅರ್ಧ ಗಂಟೆಯೊಳಗೆ ತಲುಪಬಹುದು. ಚಕ್ರದ ಗಾಡಿಗಳಿಗೆ ಅದಕ್ಕಿಂತ ಮುಂದೆ ದಾರಿ ಇಲ್ಲ. ಅಲಿಲಗೂನಾ ಅನ್ನೋ ದೋಣಿ ಹಿಡಿದರೆ ಸಾನ್ ಮಾರ್ಕೊವರೆಗೆ ಒಂದು ಗಂಟೆಯ ಮೇಲೆ. ಬರುವಾಗ ದೋಣಿ ಹಿಡಿಯಿರಿ, ಮೊದಲ ನೋಟ ನೀರಿನಿಂದಲೇ ಆಗಲಿ. ಖಾಸಗಿ ಸ್ಪೀಡ್‌ಬೋಟ್ ಟ್ಯಾಕ್ಸಿಯ ಬಾಡಿಗೆಗೆ ನಮ್ಮಲ್ಲಿ ಒಂದು ಮೂಟೆ ಚೆರಿ ಕಾಫಿ ಮಾರಬೇಕು, ಅದರ ಮಾತು ಬೇಡ.

ಊರೊಳಗೆ ಓಡಾಡೋ ಸರ್ಕಾರಿ ದೋಣಿಗೆ ವಪೊರೆತ್ತೊ ಅಂತಾರೆ. 75 ನಿಮಿಷದ ಒಂದು ಟಿಕೆಟ್ಟಿಗೆ 9.50 ಯೂರೋ, ಯೂರೋಗೆ ನೂರು ರೂಪಾಯಿ ಅಂತ ಲೆಕ್ಕ ಹಿಡಿದರೆ ಹೆಚ್ಚುಕಮ್ಮಿ ಸಾವಿರ. ಅದೇ 72 ಗಂಟೆಯ ಪಾಸು 45 ಯೂರೋ. ದ್ವೀಪಗಳಿಗೂ ಹೋಗೋದಿದ್ದರೆ ಪಾಸೇ ಲಾಭ. ಪ್ರತಿ ಸಲ ಹತ್ತುವ ಮುಂಚೆ ಮಷಿನ್ನಿಗೆ ಕಾರ್ಡು ಮುಟ್ಟಿಸಿ, ಮರೆತರೆ ದಂಡ. ಒಂದನೇ ನಂಬರಿನ ದೋಣಿ ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ಪ್ರತಿ ನಿಲ್ದಾಣದಲ್ಲೂ ನಿಂತು ನಿಂತು ಹೋಗುತ್ತೆ. ತಿರುವು ಮುರುವಾಗಿ ಊರನ್ನು ಸೀಳುವ ಆ ಕಾಲುವೆಯ ಉದ್ದ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಕೊನೆಯಿಂದ ಕೊನೆಗೆ ಮುಕ್ಕಾಲು ಗಂಟೆ. ಹಗಲು ಅದರಲ್ಲಿ ಉಸಿರಾಡೋಕೂ ಜಾಗ ಇಲ್ಲ. ರಾತ್ರಿ ಒಂಬತ್ತರ ಮೇಲೆ ಹತ್ತಿ, ಹೊರಗಿನ ಸೀಟು ಹಿಡಿಯಿರಿ, ಶಾಲು ಹೊದ್ದುಕೊಳ್ಳಿ. ಎರಡೂ ಕಡೆಯ ಅರಮನೆಗಳ ಮೇಲಂತಸ್ತಿನಲ್ಲಿ ದೀಪ ಉರಿಯುತ್ತಿರುತ್ತೆ. ಒಳಗಿನ ಚಿತ್ರ ಬಿಡಿಸಿದ ಚಾವಣಿ, ದೊಡ್ಡ ಗಾಜಿನ ದೀಪಗೊಂಚಲು ದೋಣಿಯಿಂದಲೇ ಕಾಣುತ್ತೆ.

ನಡಿಗೆಗೆ ಒಂದು ದಾರಿ ಹೇಳ್ತೀನಿ, ಕ್ಯಾನರೇಜಿಯೊದಿಂದ. ಏಳು ಗಂಟೆಗೆ ಮಿಸೆರಿಕೊರ್ದಿಯ ಕಾಲುವೆ ದಂಡೆಯಲ್ಲಿ ತಿಂಡಿ ತಿಂದು ಮುಗಿಸಿ. ಅಲ್ಲಿಂದ ಉತ್ತರಕ್ಕೆ ಮಡೋನ್ನಾ ದೆಲ್ ಓರ್ತೊ ಚರ್ಚು. ತಿಂತೊರೆತ್ತೊ ಅನ್ನೋ ದೊಡ್ಡ ಚಿತ್ರಕಾರನ ಸಮಾಧಿ ಇರೋದು ಅದರೊಳಗೆ. ಪಕ್ಕದ ಕಾಂಪೊ ದೇಯಿ ಮೋರಿ ಅನ್ನೋ ಬಯಲಿನಲ್ಲಿ ಗೋಡೆಗೆ ಮೂಟೆ, ಮುಂಡಾಸಿನ ಹಳೇ ಕಲ್ಲಿನ ವ್ಯಾಪಾರಿಗಳು ನಿಂತಿದ್ದಾರೆ. ಮೂಲೆಯಲ್ಲಿರೋನಿಗೆ ಕಬ್ಬಿಣದ ಮೂಗು. ಉಜ್ಜಿದರೆ ದುಡ್ಡು ಬರುತ್ತೆ ಅಂತ ಎಲ್ಲರೂ ಉಜ್ಜಿ ಉಜ್ಜಿ ನುಣ್ಣಗಾಗಿದೆ. ಕಾಫಿ ರೇಟು ನೆನೆದು ನೀವೂ ಉಜ್ಜಿ. ಅಲ್ಲಿಂದ ಸ್ತ್ರಾದಾ ನೋವಾ ದಾಟಿ ಸಾಂತಿ ಅಪೊಸ್ತೊಲಿ, ಆಮೇಲೆ ಮಿರಾಕೊಲಿ ಚರ್ಚು. ಅದು ಸಣ್ಣದು, ಹೊರಗೋಡೆಯೆಲ್ಲ ಬಣ್ಣ ಬಣ್ಣದ ಅಮೃತಶಿಲೆ, ಒಂದು ಮಗ್ಗುಲು ಸೀದಾ ಕಾಲುವೆಗೆ ಇಳಿದಿದೆ. ದೀಪದ ಬೆಳಕಿನಲ್ಲಿ ಇಬ್ಬರೇ ನಿಂತು ನೋಡೋಕೆ ಇದಕ್ಕಿಂತ ಒಳ್ಳೇ ಜಾಗ ಆ ಊರಲ್ಲಿಲ್ಲ ಅಂತ ನನ್ನ ಅಭಿಪ್ರಾಯ, ಸಾನ್ ಮಾರ್ಕೊ ಸೇರಿಸಿ. ಮುಂದೆ ಸಾಂತಿ ಜೊವಾನ್ನಿ ಎ ಪಾವೊಲೊ ಬಯಲು, ಕಂಚಿನ ಕುದುರೆ ಸವಾರ. ಸಾಂತಾ ಮರೀಯ ಫೊರ್ಮೋಸಾ. ಹತ್ತರ ಮೇಲೆ ಸಾನ್ ಮಾರ್ಕೊ ಚೌಕ.

ದಾರಿ ತಪ್ಪುತ್ತೆ. ಗೋಡೆ ಒತ್ತಾಗಿರೋದರಿಂದ ಫೋನಿನ ಮ್ಯಾಪು ಕೂಡ ತಡವರಿಸುತ್ತೆ. ಮೂಲೆ ಮೂಲೆಯಲ್ಲಿ ‘ಪೆರ್ ರಿಯಾಲ್ಟೊ’, ‘ಪೆರ್ ಸಾನ್ ಮಾರ್ಕೊ’ ಅಂತ ಹಳದಿ ಬೋರ್ಡು ಬಾಣದ ಗುರುತಿನ ಜೊತೆ ಇರುತ್ತೆ, ಅದನ್ನು ಹಿಡಿದರೆ ಸಾಕು. ಮನೆ ನಂಬರು ಬೀದಿಗಲ್ಲ, ಇಡೀ ಪೇಟೆಗೆ ಒಂದೇ ಸಾಲು, ಸಾವಿರಗಟ್ಟಲೆ ಹೋಗುತ್ತೆ. ಹಾಗಾಗಿ ನಂಬರು ಬರೆದುಕೊಂಡರೆ ಪ್ರಯೋಜನವಿಲ್ಲ, ಹೋಟೆಲಿಗೆ ಹತ್ತಿರದ ಬಯಲಿನ ಹೆಸರು ಮತ್ತು ದೋಣಿ ನಿಲ್ದಾಣದ ಹೆಸರು ಬಾಯಿಪಾಠ ಇರಲಿ.

ಸಾನ್ ಮಾರ್ಕೊ ಚೌಕಕ್ಕೆ ರಾತ್ರಿ ಒಂದು ಸಲ, ಬೆಳಿಗ್ಗೆ ಏಳಕ್ಕೆ ಇನ್ನೊಂದು ಸಲ ಹೋಗಿ. ನಡುಹಗಲು ಬೇಡ. ಬಸಿಲಿಕಾ ಅನ್ನೋ ಅಲ್ಲಿನ ದೊಡ್ಡ ಚರ್ಚಿನ ಒಳಗಿನ ಚಿನ್ನದ ಮೊಸಾಯಿಕ್ ನೋಡೋಕೆ ಮಾತ್ರ ಮುಂಗಡ ಟಿಕೆಟ್ ಮಾಡಿ ಮೊದಲ ಪಾಳಿಗೇ ಒಳಗೆ ಹೋಗಿ. ಹೊರಗೆ ಮುಂಭಾಗದಲ್ಲಿ ಬಲತುದಿಯ ಬಾಗಿಲ ಮೇಲೆ ಒಂದು ಚಿತ್ರ ಇದೆ, ಪಂದಿಕರಿಯ ನಾಡಿನವರು ಅದನ್ನು ತಪ್ಪಿಸಬಾರದು. 828ರಲ್ಲಿ ವೆನಿಸ್‌ನ ವ್ಯಾಪಾರಿಗಳು ಸಂತ ಮಾರ್ಕನ ಅಸ್ಥಿಯನ್ನು ಅಲೆಕ್ಸಾಂಡ್ರಿಯದಿಂದ ಕದ್ದು ತಂದರು ಅಂತ ಕಥೆ. ಸುಂಕದವರು ಬುಟ್ಟಿಗೆ ಕೈ ಹಾಕದಿರಲಿ ಅಂತ ಮೇಲೆ ಹಂದಿಮಾಂಸ ಮುಚ್ಚಿದ್ದರಂತೆ. ಆ ಕಳ್ಳತನವನ್ನೇ ಚರ್ಚಿನ ಬಾಗಿಲ ಮೇಲೆ ಚಿತ್ರ ಬರೆಸಿಕೊಂಡಿದ್ದಾರೆ. ಪಕ್ಕದ ಗಂಟೆಗೋಪುರ 1902ರ ಜುಲೈ 14ರಂದು ಪೂರ್ತಿ ಕುಸಿದು ಬಿದ್ದದ್ದು. ಈಗಿರೋದು ಹಾಗೇ ಮತ್ತೆ ಕಟ್ಟಿ 1912ರಲ್ಲಿ ತೆರೆದದ್ದು. ಅದರ ಮೇಲೆ ಹತ್ತೋಕೆ ಕ್ಯೂ ನಿಲ್ಲೋ ಬದಲು ಎದುರು ದ್ವೀಪದ ಸಾನ್ ಜೋರ್ಜೊ ಮಜ್ಜೋರೆ ಗೋಪುರಕ್ಕೆ ಹೋಗಿ. ಅಲ್ಲೂ ಲಿಫ್ಟ್ ಇದೆ, ಜನ ಕಮ್ಮಿ, ಮತ್ತು ಸಾನ್ ಮಾರ್ಕೊ ಕೂಡ ನೋಟದೊಳಗೇ ಬರುತ್ತೆ.

ನವೆಂಬರ್ ಅಂದರೆ ಆಕ್ವಾ ಆಲ್ತಾ ಕಾಲ, ಅಂದರೆ ಸಮುದ್ರದ ಉಬ್ಬರ ಊರೊಳಗೆ ನುಗ್ಗೋ ಕಾಲ. 2019ರ ನವೆಂಬರ್ 12ರಂದು ನೀರು 187 ಸೆಂಟಿಮೀಟರ್ ಏರಿತ್ತು. 2020ರ ಅಕ್ಟೋಬರ್‌ನಿಂದ ಸಮುದ್ರದ ಬಾಯಿಗಳಿಗೆ 78 ಉಕ್ಕಿನ ಗೇಟುಗಳನ್ನು ಎತ್ತಿ ನೀರು ತಡೀತಾರೆ. ಅಂಥ ಪ್ರಳಯ ಆಮೇಲೆ ಆಗಿಲ್ಲ. ಆದರೆ ಸಣ್ಣ ಉಬ್ಬರಕ್ಕೆ ಗೇಟು ಎತ್ತಲ್ಲ, ಹಾಗಾಗಿ ತಗ್ಗಿನಲ್ಲಿರೋ ಸಾನ್ ಮಾರ್ಕೊ ಚೌಕದಲ್ಲಿ ಚರಂಡಿ ಕಿಂಡಿಯಿಂದ ನೀರು ಉಕ್ಕಿ ಪಾದ ಮುಳುಗಬಹುದು. ಹಲಗೆ ಹಾಸಿದ ದಾರಿ ಮಾಡಿರ್ತಾರೆ, ಕೆಲವು ಗಂಟೆಯಲ್ಲಿ ಇಳಿಯುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಬೂಟಿನಲ್ಲೇ ಇರೋ ನಮಗೆ ಇದೇನು ಮಹಾ? ಬೂಟು ಮಾತ್ರ ನೆನೆಯದ ಜಾತಿಯದ್ದಾಗಿರಲಿ, ಅಡಿ ಜಾರದಿರಲಿ. ಒದ್ದೆ ಕಲ್ಲಿನ ಮೆಟ್ಟಿಲು ಪಾಚಿಗಟ್ಟಿರುತ್ತೆ.

ಗೊಂಡೊಲಾದ ವಿಷಯಕ್ಕೆ ಬರೋಣ, ಎಲ್ಲರೂ ಕೇಳೋದು ಅದನ್ನೇ. ನಗರದವರು ನಿಗದಿ ಮಾಡಿರೋ ದರ ಹಗಲು 30 ನಿಮಿಷಕ್ಕೆ 90 ಯೂರೋ. ಸಂಜೆ ಏಳರ ಮೇಲೆ 35 ನಿಮಿಷಕ್ಕೆ 110. ಇದು ದೋಣಿಗೆ, ತಲೆಗಲ್ಲ. ಐದು ಜನ ಕೂರಬಹುದು. ದುಡ್ಡು ಉಳಿಸೋಕೆ ಅಪರಿಚಿತರ ಜೊತೆ ಸೇರಿ ಕೂರೋದಾದರೆ ಹೋಗಲೇಬೇಡಿ, ಆ ದುಡ್ಡಲ್ಲಿ ಒಳ್ಳೇ ಊಟ ಮಾಡಿ. ಹೋಗೋದಾದರೆ ಇಬ್ಬರೇ, ಮತ್ತು ಮಧ್ಯಾಹ್ನ ನಾಲ್ಕರ ಹೊತ್ತಿಗೆ. ಹಗಲಿನ ದರಕ್ಕೇ ನವೆಂಬರ್‌ನ ಮುಳುಗು ಬಿಸಿಲು ಸಿಗುತ್ತೆ. ಸಾನ್ ಮಾರ್ಕೊ ದಂಡೆಯಲ್ಲೋ ರಿಯಾಲ್ಟೊ ಸೇತುವೆ ಕೆಳಗೋ ಹತ್ತಬೇಡಿ. ದೊರ್ಸೊದುರೊ ಅಥವಾ ಸಾನ್ ಪೋಲೊದ ಒಳಗಿನ ಕಾಲುವೆಯಲ್ಲಿ ಹತ್ತಿ. ಹತ್ತುವ ಮುಂಚೆ ನಿಮಿಷ, ದರ, ದಾರಿ ಮೂರನ್ನೂ ಬಾಯಿಬಿಟ್ಟು ಮಾತಾಡಿಕೊಳ್ಳಿ. ಹಾಡು ಬೇಕಂದರೆ ಬೇರೆ ದುಡ್ಡು.

ಹತ್ತುವ ಮುಂಚೆ ಸಾನ್ ತ್ರೊವಾಸೊ ಹತ್ತಿರದ ದೋಣಿ ಕಟ್ಟೋ ಅಂಗಳವನ್ನು ಎದುರು ದಂಡೆಯಿಂದ ನೋಡಿ. ಮರದ ಕೆಲಸ ಬಲ್ಲವರಿಗೆ ಹಬ್ಬ. ಒಂದು ಗೊಂಡೊಲಾ ಸುಮಾರು 11 ಮೀಟರ್ ಉದ್ದ. ಎಂಟು ಜಾತಿಯ ಮರ, 280 ತುಂಡು. ಮಗುಚಿ ಹಾಕಿರೋದನ್ನು ಸರಿಯಾಗಿ ದಿಟ್ಟಿಸಿದರೆ ದೋಣಿ ಸೊಟ್ಟ ಇರೋದು ಕಾಣುತ್ತೆ: ಎಡಮಗ್ಗುಲು ಬಲಕ್ಕಿಂತ 24 ಸೆಂಟಿಮೀಟರ್ ಅಗಲ. ಅಂಬಿಗ ಹಿಂದೆ ನಿಂತು ಬಲಗಡೆ ಮಾತ್ರ ಹುಟ್ಟು ಹಾಕೋದರಿಂದ ದೋಣಿ ಎಡಕ್ಕೆ ತಿರುಗಬೇಕು. ಆ ಸೊಟ್ಟವೇ ಅದನ್ನು ನೆಟ್ಟಗೆ ನಡೆಸೋದು. ಹುಟ್ಟಿಗೆ ಆಧಾರವಾಗಿ ನಿಂತಿರೋ ಮರದ ಕವೆಗೆ ಫೋರ್ಕೊಲಾ ಅಂತಾರೆ. ಅದರ ಬೇರೆ ಬೇರೆ ತಗ್ಗಿನಲ್ಲಿ ಹುಟ್ಟು ಇಟ್ಟರೆ ಮುಂದೆ, ಹಿಂದೆ, ನಿಧಾನ, ತಿರುವು. ನಿಮ್ಮ ಸವಾರಿಯಲ್ಲಿ ಫೋನು ಒಳಗಿಟ್ಟು ಅಂಬಿಗನ ಕೈಯನ್ನು ಐದು ನಿಮಿಷ ನೋಡಿ. ನಿಟ್ಟುಸಿರಿನ ಸೇತುವೆ ಕೆಳಗೆ ಮುತ್ತು ಕೊಟ್ಟರೆ ಪ್ರೀತಿ ಶಾಶ್ವತ ಅಂತ ಹೇಳ್ತಾರೆ. ಅದು ಕೈದಿಗಳನ್ನು ಜೈಲಿಗೆ ದಾಟಿಸೋಕೆ ಕಟ್ಟಿದ ಸೇತುವೆ, ಮುತ್ತು ಕೊಡೋರು ಎಲ್ಲಾದರೂ ಕೊಡಬಹುದು.

ದುಡ್ಡು ಹಾಕೋ ಮನಸ್ಸಿಲ್ಲದವರಿಗೆ ತ್ರಗೆತ್ತೊ ಇದೆ. ಗ್ರ್ಯಾಂಡ್ ಕೆನಾಲ್ ಮೇಲೆ ಇರೋದು ನಾಲ್ಕೇ ಸೇತುವೆ, ಆದ್ದರಿಂದ ನಡುನಡುವೆ ಇಬ್ಬರು ಅಂಬಿಗರು ಹಳೇ ಗೊಂಡೊಲಾದಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸ್ತಾರೆ, ಹೊರಗಿನವರಿಗೆ 2 ಯೂರೋ. ಎರಡು ನಿಮಿಷದ ಸವಾರಿ. ಹಗಲು ಮಾತ್ರ ಸಿಗುತ್ತೆ.

ಊಟಕ್ಕೆ ಹೋಟೆಲಿನಲ್ಲಿ ಕೂತರೆ ತಲೆಗೆ ಇಷ್ಟು ಅಂತ ಮೇಜಿನ ಖರ್ಚು ಬಿಲ್ಲಿಗೆ ಸೇರುತ್ತೆ. ಬೈಯಬೇಡಿ, ಅದು ಅಲ್ಲಿನ ಪದ್ಧತಿ. ಆದರೆ ಇಬ್ಬರಿಗೆ ಒಪ್ಪುವ ಊಟ ಇರೋದು ಬಾಕರೊಗಳಲ್ಲಿ, ಅಂದರೆ ಸಣ್ಣ ವೈನಂಗಡಿಗಳಲ್ಲಿ. ಗಾಜಿನ ಪೆಟ್ಟಿಗೆಯೊಳಗೆ ಚಿಕೆತ್ತಿ ಅನ್ನೋ ತುಣುಕು ತಿಂಡಿ ಜೋಡಿಸಿರ್ತಾರೆ: ಒಣಮೀನನ್ನು ಎಣ್ಣೆ ಹಾಕಿ ಬೆಣ್ಣೆ ಥರ ಕಡೆದು ಬ್ರೆಡ್ಡಿನ ಮೇಲೆ ಹಚ್ಚಿದ್ದು, ಈರುಳ್ಳಿ-ವಿನೆಗರ್ ಹಾಕಿ ಹುಳಿಬರಿಸಿದ ಮತ್ತಿ ಮೀನು, ಮಾಂಸದುಂಡೆ. ಕೈ ತೋರಿಸಿ ತಗೊಳ್ಳಿ, ಜೊತೆಗೆ ಒಂದು ಸಣ್ಣ ಲೋಟ ವೈನು, ನಿಂತೇ ತಿನ್ನಿ, ಇನ್ನೊಂದು ಅಂಗಡಿಗೆ ನಡೆಯಿರಿ. ಆ ಹುಳಿ ಮತ್ತಿ ತಿಂದಾಗ ನನಗೆ ನೆನಪಾದದ್ದು ನಮ್ಮ ಕಪ್ಪು ಹುಳಿ, ಕಾಚಂಪುಳಿಯೇ. ಅಕ್ಟೋಬರ್-ನವೆಂಬರ್‌ನಲ್ಲಿ ಚಿಪ್ಪು ಕಳಚಿದ ಮೆತ್ತನೆ ಏಡಿ, ಮೊಯೆಕೆ, ಸಿಗುತ್ತೆ; ಇಡಿಯಾಗಿ ಕರಿದು ಕೊಡ್ತಾರೆ. ಗದ್ದೆ ಏಡಿ ತಿಂದು ಬೆಳೆದವರು ದುಡ್ಡು ನೋಡದೆ ಒಂದು ತಟ್ಟೆ ತರಿಸಿ. ನವೆಂಬರ್ 21ಕ್ಕೆ ಅಲ್ಲಿದ್ದರೆ ಸಲೂತೆ ಹಬ್ಬ. 1630ರ ಪ್ಲೇಗು ತೊಲಗಿದ ಹರಕೆಗೆ ಕಟ್ಟಿದ ಚರ್ಚಿಗೆ ಗ್ರ್ಯಾಂಡ್ ಕೆನಾಲ್ ಮೇಲೆ ತಾತ್ಕಾಲಿಕ ಸೇತುವೆ ಹಾಕ್ತಾರೆ, ಊರಿನವರೆಲ್ಲ ಹೋಗಿ ಮೇಣದಬತ್ತಿ ಹಚ್ಚಿ, ಹೊಗೆ ಹಾಕಿ ಒಣಗಿಸಿದ ಕುರಿಮಾಂಸ-ಎಲೆಕೋಸಿನ ಸಾರು ಉಣ್ತಾರೆ. ಆ ಚರ್ಚಿನ ಅಡಿಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಮರದ ಕಂಬಗಳಿವೆ. ಕೆಸರಿನೊಳಗೆ ಗಾಳಿ ಆಡದ್ದರಿಂದ ಕೊಳೆತಿಲ್ಲ.

ಸಸ್ಯಾಹಾರಿಗಳು ಕುಂಬಳಕಾಯಿ ರಿಸೊತ್ತೊ (ಅಕ್ಕಿಯ ಅಡುಗೆ), ಪೊಲೆಂತಾ (ಮೆಕ್ಕೆಜೋಳದ ಹಿಟ್ಟಿನ ಗಂಜಿ), ಆ ಕಾಲದಲ್ಲಿ ಸಿಗೋ ಕಹಿಮಿಶ್ರಿತ ಕೆಂಪು ರದಿಕ್ಕಿಯೊ ಸೊಪ್ಪು ಕೇಳಿ. ‘ಬಿಗೊಲಿ ಇನ್ ಸಾಲ್ಸಾ’ ನೋಡೋಕೆ ಬರೀ ಶ್ಯಾವಿಗೆ, ಅದರಲ್ಲಿ ಮೀನಿರುತ್ತೆ.

ಕಾಫಿಗೆ ಒಂದು ಮಾತು. ಸಾನ್ ಮಾರ್ಕೊ ಚೌಕದ ಫ್ಲೋರಿಯನ್ 1720ರಿಂದ ಇರೋ ಕಾಫಿಮನೆ. ಅಲ್ಲಿ ಕೂತರೆ ಕಾಫಿಗೂ ದುಡ್ಡು, ವಾದ್ಯದವರು ನುಡಿಸ್ತಿದ್ದರೆ ಅದಕ್ಕೂ ದುಡ್ಡು. ಕನ್ನಡಿ ಹಚ್ಚಿದ ಹಳೇ ಕೋಣೆ ಚೆನ್ನಾಗಿದೆ, ಮದುವೆಯ ವಾರ್ಷಿಕೋತ್ಸವವಾದರೆ ಕೂರಿ. ಉಳಿದ ದಿನ ಯಾವುದಾದರೂ ಬಾರಿನ ಕಟ್ಟೆಗೆ ಒರಗಿ ನಿಂತು ಎಸ್ಪ್ರೆಸ್ಸೊ ಕುಡೀರಿ, ಒಂದೂವರೆ ಯೂರೋ ಆಸುಪಾಸು. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳೋದು ಇಟಲಿ. ಎಸ್ಪ್ರೆಸ್ಸೊದ ಮೇಲಿನ ದಪ್ಪ ನೊರೆಗೆ ರೋಬಸ್ಟಾ ಬೇಕು. ನಮ್ಮವರು ಮೊದಲ ಗುಟುಕಿಗೇ "ಇದ್ರಲ್ಲಿ ನಮ್ದೂ ಒಂದು ಬೀಜ ಇದೆ ನೋಡು" ಅಂದರು. ಇರಬಹುದು, ಬೆಲೆ ಮಾತ್ರ ನಮ್ಮದಲ್ಲ. ಮೆಣಸಿನ ಕಥೆಯೂ ಹಾಗೇ. ರಿಯಾಲ್ಟೊ ಸೇತುವೆ ಪಕ್ಕದಲ್ಲಿ ಜರ್ಮನ್ ವ್ಯಾಪಾರಿಗಳ ಹಳೇ ಕೋಠಿ ಇದೆ. ಮಲಬಾರಿನ ಮೆಣಸು ಅಲೆಕ್ಸಾಂಡ್ರಿಯದ ಮೇಲೆ ಇಲ್ಲಿಗೆ ಬಂದು, ಇಲ್ಲಿಂದ ಯುರೋಪಿಗೆಲ್ಲ ಹೋಗ್ತಿತ್ತು. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆ ಮುಟ್ಟಿದ ಸುದ್ದಿ ಬಂದಾಗ ಈ ಪೇಟೆಯವರಿಗೆ ನಡುಕ ಹುಟ್ಟಿದ್ದು ಸುಮ್ಮನೆ ಅಲ್ಲ. ಬೇಕರಿಗಳಲ್ಲಿ ಪೆವರಿನಿ ಅನ್ನೋ ಮೆಣಸಿನ ಬಿಸ್ಕತ್ತು ಕೇಳಿ ನೋಡಿ.

ಒಂದು ಹಗಲು ದ್ವೀಪಕ್ಕೆ. ಫೊಂದಮೆಂತೆ ನೋವೆಯಿಂದ 12ನೇ ನಂಬರಿನ ದೋಣಿಯಲ್ಲಿ ಬುರಾನೊಗೆ ಮುಕ್ಕಾಲು ಗಂಟೆ. ಮನೆಗೊಂದು ಬಣ್ಣ, ಫೋಟೋಗೆ ಚೆಂದ, ಒಂದು ಗಂಟೆ ಸಾಕು. ಅಲ್ಲಿಂದ ಐದು ನಿಮಿಷದ ತೊರ್ಚೆಲ್ಲೊ ನನಗೆ ಹೆಚ್ಚು ಇಷ್ಟ: 639ರಲ್ಲಿ ಶುರುವಾದ ಚರ್ಚು, ತರಕಾರಿ ತೋಟ, ಜವುಗು ನೆಲ, ಬೆರಳೆಣಿಕೆಯ ಜನ. ಮುರಾನೊದ ಗಾಜಿನ ಕಾರ್ಖಾನೆಗೆ ಪುಕ್ಕಟೆ ದೋಣಿ ಕೊಡ್ತೀವಿ ಅನ್ನೋರ ಜೊತೆ ಹೋಗಬೇಡಿ, ಕೊಳ್ಳದೆ ಹೊರಗೆ ಬರೋಕೆ ಬಿಡಲ್ಲ.

ಸಣ್ಣಪುಟ್ಟ ಕಾನೂನು: ಪಾರಿವಾಳಕ್ಕೆ ಕಾಳು ಹಾಕಿದರೆ ದಂಡ, ಸಾನ್ ಮಾರ್ಕೊದಲ್ಲಿ ಮೆಟ್ಟಿಲ ಮೇಲೆ ಕೂತು ಪೊಟ್ಟಣ ಬಿಚ್ಚಿ ತಿಂದರೆ ದಂಡ, ಕಾಲುವೆಗಿಳಿದರೆ ದಂಡ. 2024ರಿಂದ ಏಪ್ರಿಲ್-ಜುಲೈ ನಡುವಿನ ಕೆಲವು ದಿನ ಹಗಲು ಬಂದುಹೋಗುವವರಿಗೆ ಪ್ರವೇಶ ಶುಲ್ಕ ಇದೆ. ಊರೊಳಗೆ ರಾತ್ರಿ ಉಳಿಯೋರಿಗೆ ಇಲ್ಲ, ಆದರೆ ಮೇ ತಿಂಗಳಲ್ಲಿ ಹೋಗೋ ಅರೇಬಿಕಾದವರು ವಿನಾಯಿತಿಯ ಕೋಡನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆದಿಟ್ಟುಕೊಳ್ಳಿ. ರಾತ್ರಿಗಿಷ್ಟು ಅಂತ ಪ್ರವಾಸಿ ತೆರಿಗೆಯನ್ನು ಹೋಟೆಲಿನವರೇ ಪಡೀತಾರೆ.

ಫೋನಿನ ವಿಷಯ ಹೊರಡೋ ಮುಂಚೆಯೇ ತೀರ್ಮಾನ ಆಗಲಿ. ಅಕ್ಟೋಬರ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹಾಕ್ತಾರೆ, ಆಮೇಲೆ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಬೆಳಿಗ್ಗೆ ಏಳಕ್ಕೆ ಮೇಸ್ತ್ರಿ ಆಳು ಲೆಕ್ಕ ಹೇಳೋಕೆ ಫೋನ್ ಮಾಡಿದರೆ ಅಲ್ಲಿ ರಾತ್ರಿ ಎರಡೂವರೆ. ತೋಟದ ಲೆಕ್ಕ ಬರೆಯೋ ರೈಟರಿಗೋ ಭಾವನಿಗೋ ಪೂರ್ತಿ ವಹಿಸಿ, ದಿನಕ್ಕೆ ಒಂದೇ ಕರೆ, ಅಲ್ಲಿನ ಮಧ್ಯಾಹ್ನಕ್ಕೆ. ತೋಟದಲ್ಲಿ ಪಂಪು ಕೆಟ್ಟರೆ ನೀವು ವೆನಿಸ್‌ನಲ್ಲಿ ಕೂತು ರಿಪೇರಿ ಮಾಡೋಕಾಗಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷ ಕಳೆದ ಜೋಡಿಗೇ ಈ ಊರು ಹೆಚ್ಚು ಒಗ್ಗುತ್ತೆ ಅಂತ ನಾನು ಹೇಳೋದೂ ಇದಕ್ಕೇ: ಹೊಸಬರಿಗೆ ಮಾತಾಡೋಕೆ ಜಾಗ ಬೇಕಿಲ್ಲ, ನಮಗೆ ಬೇಕು. ಮಂಡಿ ನೋವಿರೋರು ದಿನಕ್ಕೆ ಎಷ್ಟು ಸೇತುವೆ ಅಂತ ಮಿತಿ ಹಾಕಿಕೊಂಡು, ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿ. ರಾತ್ರಿ ನಡಿಗೆಗೆ ಕಾಲು ಉಳಿಯುತ್ತೆ.

ವಾಪಸ್ ಹೊರಡುವಾಗ ದೋಣಿ ನಂಬಬೇಡಿ. ನವೆಂಬರ್ ಬೆಳಿಗ್ಗೆ ಲಗೂನಿನ, ಅಂದರೆ ಊರ ಸುತ್ತಲಿನ ಹಿನ್ನೀರಿನ ಮೇಲೆ ಮಂಜು ಮುಚ್ಚಿದರೆ ದೋಣಿ ತಡವಾಗುತ್ತೆ, ಕೆಲವೊಮ್ಮೆ ದಾರಿಯೇ ಬದಲಾಗುತ್ತೆ. ಹಿಂದಿನ ರಾತ್ರಿಯೇ ಹೋಟೆಲಿನ ಲೆಕ್ಕ ಮುಗಿಸಿ, ಬೆಳಿಗ್ಗೆ ನಡೆದೇ ಪಿಯಾತ್ಸಾಲೆ ರೋಮಾ ಸೇರಿ ಬಸ್ಸು ಹತ್ತಿ. ಗಾಜಿನ ಸಾಮಾನು ಕೊಂಡಿದ್ದರೆ ಸ್ವೆಟರ್‌ನಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಿ.